ಅಂಗೈಗೆ ಹತ್ತಿದ ಎರೆಮಣ್ಣು

ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಲ, ಕೆರೆ, ಗುಡ್ಡ ಮತ್ತು ಅವುಗಳೊಡನೆ ಬೆರೆತುಹೋದ ಹಿರಿಯರ ನೆನಪನ್ನು ಕುರಿತಾಗಿದ್ದವು. ಆದ್ದರಿಂದ ಈ ಸಲ ಅಂಥ ಐದು ಪತ್ರಗಳಿಗಷ್ಟೇ ಉತ್ತರಿಸುತ್ತಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ನವಲಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮದು ಆರು ಎಕರೆ ಎರೆಹೊಲವಿದೆ. ತಂದೆಯವರು ತೀರಿಕೊಂಡು ಮೂರು ವರ್ಷಗಳಾದವು. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೇವೆ. ನಾನು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೇನೆ. ಈ ಎಳ್ಳ ಅಮಾವಾಸ್ಯೆಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ, ಭೂಮಿತಾಯಿಗೆ ಎಡೆ ಎರಚುವ ಚರಗ ಚೆಲ್ಲಿ ಬಂದೆ. ಮಕ್ಕಳು ಅರ್ಧ ತಾಸಿನಲ್ಲಿ ಬೇಸತ್ತು ಕಾರಿನೊಳಗೆ ಹೋಗಿ ಕುಳಿತರು. ನನಗೂ ಚಿಕ್ಕಂದಿನ ಆ ಸಂತೋಷ ಬರಲಿಲ್ಲ. ಪರರ ಮನೆಯಲ್ಲಿ ಉಂಡು ಬಂದಂತಾಯಿತು. ಅಣ್ಣಂದಿರು ಹೊಲ ಮಾರೋಣ ಎನ್ನುತ್ತಿದ್ದಾರೆ. ಹೊಲ ಹೋದರೆ ಅಪ್ಪನ ನೆನಪೂ ಹೋದೀತೆಂಬ ಅಂಜಿಕೆ ನನಗಿದೆ. ನನ್ನ ಈ ಮೋಹ ತಪ್ಪೇ?
ಓದುಗರು, ಹುಬ್ಬಳ್ಳಿ

ಉತ್ತರ: ತಂಗೀ, ತಪ್ಪಲ್ಲ. ಆದರೆ ನಿಮ್ಮ ಪತ್ರದಲ್ಲಿ ಹೊಲದ ಮಾರಾಟ, ಅಪ್ಪನ ನೆನಪು, ಮಕ್ಕಳ ಬೇಸರ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ, ಅವುಗಳನ್ನು ಬಿಡಿಸಿಕೊಳ್ಳದೆ ಯಾವುದಕ್ಕೂ ದಾರಿ ಕಾಣುವುದಿಲ್ಲ. ಮೊದಲು ನೆನಪಿನ ಮಾತನ್ನೇ ಎತ್ತಿಕೊಳ್ಳುತ್ತೇನೆ.

ನಾನೂ ಎರೆಸೀಮೆಯಲ್ಲಿ ಹುಟ್ಟಿದವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ, ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಊರಿಗೆ ಹೋಗಿದ್ದೆ. ಹಸ್ತಿ ಮಳೆ ಎರಡು ದಿನ ಜಡಿದು ಬಿಟ್ಟಿತ್ತು. ಮಗ್ಗುಲ ಹೊಲದವರು ಆಗಲೇ ಗಳೆ ಹೂಡಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಅಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಒಂದು ಗೇಣಿನಷ್ಟು ಕೆದರಿ, ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿದರು. ಮುಷ್ಟಿ ಬಿಚ್ಚಿದಾಗ ಮಣ್ಣು ಬೆರಳಿನ ಸಂದಿಗಳ ಅಚ್ಚು ಹೊತ್ತ ಉಂಡೆಯಾಗಿತ್ತು. ಉಂಡೆಯನ್ನು ಕೆಳಗೆ ಬಿಟ್ಟರೆ ಒಡೆಯಲಿಲ್ಲ, ಅಂಗೈಗೆ ಕರಿ ಪದರವೊಂದು ಹತ್ತಿಕೊಂಡಿತ್ತು. “ತಮ್ಮಾ, ಮಣ್ಣ ಇನ್ನ ಕೈಗೆ ಹತ್ತಾಕತ್ತೈತಿ. ಇವತ್ತ ಬ್ಯಾಡ, ನಾಳೇನೂ ಬ್ಯಾಡ” ಎಂದು ಹೇಳಿ ಅವರು ಏನೋ ಕೆಲಸಕ್ಕೆ ಅಣ್ಣಿಗೇರಿಗೆ ಹೋದರು. ಅವರ ಚಕ್ಕಡಿ ಹಳ್ಳ ದಾಟುವುದನ್ನು ನೋಡಿಕೊಂಡು, ಉಳಿದ ಜೋಡಿ ಎತ್ತುಗಳಿಗೆ ನಾನು ಕುಂಟೆ ಹೂಡಿದೆ.

ಹತ್ತು ಮಾರು ಹೋಗುವುದರೊಳಗೆ ಕುಂಟೆಯ ಕುಡಕ್ಕೆ ಮಣ್ಣು ಮೆತ್ತಿ ಎತ್ತುಗಳು ನಿಂತವು. ಕೋಲಿನಿಂದ ಕೆರೆದು ಮತ್ತೆ ಹೊಡೆದೆ. ಮಧ್ಯಾಹ್ನದ ತನಕ ಹಾಗೆಯೇ ಹಟ ಮಾಡಿ ಎರಡು ಎಕರೆಯಷ್ಟು ಹರಗಿದೆ. ಮೂರು ದಿನದ ಬಿಸಿಲಿಗೆ ಆ ಎರಡು ಎಕರೆ ತುಂಬ ಹೆಂಟೆಗಳೆದ್ದು, ಕಲ್ಲಿನಂತೆ ಗಟ್ಟಿಯಾದವು. ಕೂರಿಗೆ ನೆಲ ಹಿಡಿಯಲಿಲ್ಲ. ಬಿತ್ತಿದ ಬೀಜ ಹೆಂಟೆಗಳ ನಡುವೆ ಬಿದ್ದು, ಅಲ್ಲೊಂದು ಇಲ್ಲೊಂದು ಮೊಳಕೆಯೊಡೆಯಿತು. ಪಕ್ಕದ ನಾಲ್ಕು ಎಕರೆ ಹದಕ್ಕೆ ಬಂದ ಮೇಲೆ ಅಪ್ಪ ಬಿತ್ತಿದ ಜೋಳ ಎದೆಮಟ್ಟ ನಿಂತಾಗ ನನ್ನ ಎರಡು ಎಕರೆ ಬೋಳಾಗಿ ಊರಿಗೆಲ್ಲ ಕಾಣುತ್ತಿತ್ತು. ಅಪ್ಪ ಬೈಯಲಿಲ್ಲ. ಒಂದು ಹೆಂಟೆಯನ್ನು ಎತ್ತಿ ನನ್ನ ಕೈಗಿಟ್ಟು, “ಇದನ್ನ ಇನ್ನ ಬಿಸಲ ಒಡೀಬೇಕು, ಮಳಿ ಒಡೀಬೇಕು. ನಮ್ಮ ಕೈಯಾಗಿಲ್ಲ” ಎಂದರು.

ಅಪ್ಪನ ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ. ದಿನವೂ ಕಣ್ಣಿಗೆ ಬೀಳುವ ಆ ಫೋಟೊದಲ್ಲಿ ನನಗೆ ಅಪ್ಪ ಸಿಗುವುದು ಕಡಿಮೆ. ಮಳೆ ಬಿಟ್ಟ ಮಾರನೆಯ ದಿನ ಎಲ್ಲಾದರೂ ಕರಿಮಣ್ಣನ್ನು ಕಂಡು ಹಿಡಿ ತೆಗೆದು ಹಿಚುಕಿದಾಗ ಅವರು ಸಿಗುತ್ತಾರೆ, ಬೆರಳಿನ ಸಂದಿಯಲ್ಲಿ. ನನ್ನ ತಪ್ಪಿನಿಂದ ಬೋಳಾದ ಆ ಎರಡು ಎಕರೆಯನ್ನು ಮುಂದೆ ತಂಗಿಯ ಮದುವೆಗೆಂದು ಮಾರಿದೆವು. ಈಗ ಅದು ಬೇರೆಯವರ ಹೆಸರಿನಲ್ಲಿದೆ. ಆದರೂ ನೆನಪಿಗೆ ಏನೂ ಊನವಾಗಿಲ್ಲ. ಆದ್ದರಿಂದ ಅಪ್ಪನ ನೆನಪು ಹೋದೀತೆಂಬ ಅಂಜಿಕೆಯನ್ನು ಮಾರಾಟದ ಮಾತಿಗೆ ಕಟ್ಟಬೇಡಿ. ನಿಮ್ಮ ತಂದೆ ಆ ಹೊಲದಲ್ಲಿ ಏನು ಮಾಡುತ್ತಿದ್ದರು, ಅದರಲ್ಲಿ ನಿಮ್ಮ ಕೈಗೆ ಬಂದಿರುವುದು ಯಾವುದು ಎಂದು ಒಮ್ಮೆ ಕುಳಿತು ನೆನೆದುಕೊಳ್ಳಿ. ಬೀಜ ಆರಿಸುವುದೋ, ಹಗೇವಿನ ಬಾಯಿ ಮುಚ್ಚುವುದೋ, ಕೊನೆಗೆ ಬುತ್ತಿಯ ಗಂಟು ಬಿಚ್ಚುವ ಒಂದು ರೀತಿಯೋ, ಏನಾದರೊಂದು ಇದ್ದೇ ಇರುತ್ತದೆ.

ಮಾರಾಟದ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಸಾಲ, ಆಸ್ಪತ್ರೆ, ಮಕ್ಕಳ ಓದು ಇಂಥ ಅಡಚಣೆ ಇದ್ದರೆ ಮಾರುವುದು ಅಪರಾಧವಲ್ಲ. ಅಡಚಣೆ ಇಲ್ಲದಿದ್ದರೆ ಅವಸರ ಬೇಡ, ಏಕೆಂದರೆ ನೌಕರಿಯ ಸಂಬಳದಲ್ಲಿ ಹೋದ ಹೊಲವನ್ನು ಮರಳಿ ಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅಣ್ಣಂದಿರೊಡನೆ ಕೂಡಿ ಮಾತನಾಡುವಾಗ ಸಂಕೋಚವಿಲ್ಲದೆ ನಿಮ್ಮ ಅಭಿಪ್ರಾಯ ಹೇಳಿ.

ಇನ್ನು ಮಕ್ಕಳ ಬೇಸರ. ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ಮುಂಗಾರಿಗೆ ಸೀಗಿ ಹುಣ್ಣಿಮೆ, ಹಿಂಗಾರಿಗೆ ಎಳ್ಳ ಅಮಾವಾಸ್ಯೆ, ಎರಡರಲ್ಲೂ ಬೆಳೆ ಹೊತ್ತ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ ಆಕೆಯ ಬಯಕೆ ತೀರಿಸುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ಎಡೆ ಹಿಡಿದು “ಹುಲ್ಲುಲ್ಲಿಗೋ” ಎಂದು ಕೂಗುತ್ತಾ ಹೊಲದ ಸುತ್ತ ಚರಗ ಚೆಲ್ಲುವ ಸಡಗರ ನಮಗೆ ಚಿಕ್ಕಂದಿನಲ್ಲಿ ಸಿಕ್ಕಿದ್ದು ಸುಮ್ಮನೆ ಅಲ್ಲ. ಅದಕ್ಕೆ ಮುಂಚಿನ ಮೂರು ತಿಂಗಳು ನಾವು ಅದೇ ಹೊಲದಲ್ಲಿ ಕಸ ತೆಗೆದಿದ್ದೆವು, ಗುಬ್ಬಿ ಕಾದಿದ್ದೆವು, ಎತ್ತುಗಳಿಗೆ ನೀರು ಹೊತ್ತಿದ್ದೆವು. ಆ ತಾಯಿಯ ಬಸುರಿನ ದಿನಗಳನ್ನು ಎಣಿಸಿದವರಿಗೆ ಬಯಕೆಯ ಊಟ ರುಚಿಸುತ್ತದೆ. ವರ್ಷಕ್ಕೊಮ್ಮೆ ಬಂದು ಎಲೆಯ ಮುಂದೆ ಕುಳಿತ ನಿಮ್ಮ ಮಕ್ಕಳಿಗೆ ಅದು ಬರಿಯ ಊಟ, ಅದೂ ಬಿಸಿಲಿನಲ್ಲಿ.

ನನ್ನ ಸಲಹೆ ಇಷ್ಟೇ: ಹಬ್ಬವಿಲ್ಲದ ದಿನಗಳಲ್ಲಿ ಹೋಗಿ. ಲಾವಣಿ ಮಾಡುವ ಮನೆಯವರನ್ನು ಕೇಳಿಕೊಂಡು ಬರುವ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಹೋಗಿ. ಆಗ ಎರೆ ಬಿರಿದಿರುತ್ತದೆ. ಮಕ್ಕಳ ಕೈಗೆ ಉದ್ದನೆಯ ಜೋಳದ ಕಣಿಕೆ ಕೊಟ್ಟು ಬಿರುಕಿನೊಳಗೆ ಇಳಿಸಲು ಹೇಳಿ. ಎಷ್ಟು ಆಳಕ್ಕೆ ಇಳಿಯಿತೆಂದು ಅವರೇ ಅಳೆಯಲಿ. ಮೇಲಿನ ಪುಡಿಮಣ್ಣು ಆ ಬಿರುಕಿನೊಳಗೆ ಉದುರಿ, ಮಳೆ ಬಂದಾಗ ಒಳಗಿನ ಜೇಡಿ ಉಬ್ಬಿ ಮತ್ತೆ ಮೇಲಕ್ಕೆ ಬರುತ್ತದೆಂದು, ಎರೆನೆಲ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆಂದು ತಿಳಿಸಿ. ಹಸ್ತಿ, ಚಿತ್ತಿ ಮಳೆಗಳ ನಡುವೆ ಬಿತ್ತಿಗೆಗೆ ಹೋಗಿ ಒಂದು ಸಾಲಾದರೂ ಅವರ ಕೈಯಿಂದ ಕಾಳು ಬಿಡಿಸಿ. ಆಮೇಲೆ ಹೆಚ್ಚುಕಡಿಮೆ ಮಳೆಯೇ ಇಲ್ಲದೆ, ಮಣ್ಣಿನೊಳಗಿನ ಹಸಿ ಮತ್ತು ಚಳಿಗಾಲದ ಇಬ್ಬನಿಯ ತಂಪಿನಲ್ಲೇ ಆ ಜೋಳ ಆಳೆತ್ತರ ಬೆಳೆದದ್ದನ್ನು ಅವರು ಜನವರಿಯಲ್ಲಿ ನೋಡಲಿ. ಹಾಲುಗಾಳಿನ ತೆನೆಗಳನ್ನು ಕುಳ್ಳಿನ ಕೆಂಡದ ಮೇಲೆ ಹೊರಳಿಸಿ, ಕಂಬಳಿಯ ಮೇಲೆ ಬಡಿದು ಉದುರಿಸಿದ ಸೀತನಿ, ಇನ್ನೂ ಹಸುರು ಮಾಸದ ಬಿಸಿ ಕಾಳು, ಬೆಲ್ಲದ ಚೂರಿನೊಡನೆ ಅಂಗೈಗೆ ಬಿದ್ದಾಗ, ತಾನೇ ಕಾಳು ಬಿಟ್ಟ ಸಾಲು ಯಾವುದೆಂದು ಮಗು ಕೇಳಿದರೆ, ಆ ವರ್ಷದ ಚರಗಕ್ಕೆ ನೀವು ಯಾರನ್ನೂ ಕಾರಿನಿಂದ ಇಳಿಸಬೇಕಾಗುವುದಿಲ್ಲ. ಇದು ಒಂದೇ ವರ್ಷದಲ್ಲಿ ಆಗದೆ ಇರಬಹುದು. ಎರಡು ಮೂರು ಹಿಂಗಾರಿ ಹಿಡಿದೀತು.

ಪ್ರಶ್ನೆ: ನಾನು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ಸಲ ನಪಾಸಾಗಿದ್ದೇನೆ. ಮನಸ್ಸಿಗೆ ಶಾಂತಿ ಸಿಗುತ್ತದೆಂದು ಎಲ್ಲರೂ ಹೇಳಿದ್ದರಿಂದ ದಿನಾಲೂ ಬೆಳಗ್ಗೆ ಕೆಲಗೇರಿ ಕೆರೆಯ ತನಕ ನಡೆದು ಬರುತ್ತೇನೆ. ಆರು ತಿಂಗಳಾದರೂ ಶಾಂತಿ ಸಿಕ್ಕಿಲ್ಲ. ನನ್ನಲ್ಲೇ ಏನಾದರೂ ಕೊರತೆಯಿದೆಯೇ?
ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮಲ್ಲಿ ಕೊರತೆಯಿಲ್ಲ. ಕೆರೆಯಲ್ಲಿ ಶಾಂತಿ ಸಿಗುತ್ತದೆಂದು ಹೇಳಿದವರು ಸ್ವಲ್ಪ ಹೆಚ್ಚಾಗಿ ಹೇಳಿದ್ದಾರೆ. ನಡಿಗೆ ಒಳ್ಳೆಯದು, ಬಿಡಬೇಡಿ. ಆದರೆ ಕೆರೆಯ ತನಕ ಹೋಗಿ ಬರುವಾಗ ನಿಮ್ಮ ತಲೆಯೊಳಗೆ ಪರೀಕ್ಷೆಯೇ ನಡೆದಿದ್ದರೆ ನೀವು ಕೆರೆಗೆ ಹೋದಂತಾಗಲಿಲ್ಲ, ಕೋಣೆಯನ್ನೇ ಹೊತ್ತುಕೊಂಡು ತಿರುಗಿದಂತಾಯಿತು.

ಹಲವು ವರ್ಷಗಳ ಹಿಂದೆ, ನೌಕರಿಯಲ್ಲಿ ನನಗೊಂದು ದೊಡ್ಡ ಅನ್ಯಾಯವಾಯಿತೆಂದು ರಾತ್ರಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಬೇಸಿಗೆಯಲ್ಲಿ, ನಾನೂ ನಿಮ್ಮಂತೆಯೇ ನಸುಕಿನಲ್ಲಿ ಕೆರೆಯ ಕಡೆ ಹೋಗುತ್ತಿದ್ದೆ. ಒಂದು ದಿನ ಕಾಲುದಾರಿ ಬಿಟ್ಟು ಗರಸುನೆಲದ ಮೇಲೆ ನಡೆದಾಗ ಜೋಡಿ ಟಿಟ್ಟಿಭಗಳು ನೆತ್ತಿಯ ಮೇಲೆಯೇ ಚೀರುತ್ತಾ ಎರಗಿದವು. ಎರಡು ಹೆಜ್ಜೆಯ ಮುಂದೆ, ಗೂಡೆಂದು ಕರೆಯಲೂ ಆಗದ ಬರಿಯ ತಗ್ಗಿನಲ್ಲಿ, ಸಣ್ಣ ಹರಳುಗಳ ನಡುವೆ ನಾಲ್ಕು ಮೊಟ್ಟೆಗಳಿದ್ದವು. ಚೂಪಾದ ತುದಿಗಳೆಲ್ಲ ಒಳಮುಖವಾಗಿದ್ದವು. ಬೂದುಗಂದಿನ ಮೈಮೇಲೆ ಕಪ್ಪು ಚುಕ್ಕೆಗಳು. ಕಣ್ಣು ತೆಗೆದು ಮತ್ತೆ ನೋಡಿದರೆ ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯದಂತಿತ್ತು. ಮರುದಿನದಿಂದ ಮೂವತ್ತು ಮಾರು ದೂರದ ಜಾಲಿಗಿಡದ ಬುಡದಲ್ಲಿ ಕುಳಿತು ನೋಡತೊಡಗಿದೆ. ಬಿಸಿಲೇರಿದಾಗ ಒಂದು ಹಕ್ಕಿ ಕೆರೆಗೆ ಹೋಗಿ, ಎದೆಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕುಳಿತು ತಂಪು ಮಾಡುತ್ತಿತ್ತು. ಒಮ್ಮೆ ಎಮ್ಮೆಯೊಂದು ಮೇಯುತ್ತಾ ಅದೇ ದಾರಿಗೆ ಬಂದಾಗ, ಪಾರಿವಾಳದ ಗಾತ್ರದ ಆ ಹಕ್ಕಿ ರೆಕ್ಕೆಗಳೆರಡನ್ನೂ ಬಿಚ್ಚಿ ಎಮ್ಮೆಯ ಮೂತಿಗೆ ಎದುರಾಗಿ ನಿಂತಿತು; ಎಮ್ಮೆ ಸುತ್ತು ಹಾಕಿ ಹೋಯಿತು. ಮೊಟ್ಟೆಯೊಡೆಯಲು ನಾಲ್ಕು ವಾರ ಬೇಕು. ನಾಲ್ಕು ವಾರ ನಾನು ಪ್ರತಿದಿನವೂ ಹೋದೆ. ಮರಿಗಳು ಹೊರಬಂದ ದಿನ, ತಾಯಿ ಕೂಗಿದ ಕೂಡಲೇ ಅವು ನೆಲಕ್ಕೆ ಅಂಟಿಕೊಂಡು ಕಲ್ಲುಗಳಾದದ್ದನ್ನು ಕಂಡು ಮನೆಗೆ ಬಂದು ಹೆಂಡತಿಗೆ ಹೇಳಿದಾಗ, ಎಷ್ಟೋ ದಿನಗಳ ಮೇಲೆ ನಾನು ಬೇರೆ ವಿಷಯ ಮಾತನಾಡುತ್ತಿದ್ದೇನೆಂದು ಆಕೆ ಹೇಳಿದಳು.

ಟಿಟ್ಟಿಭ ನನಗೆ ಶಾಂತಿ ಕೊಡಲಿಲ್ಲ. ದಿನವೂ ತಲೆಯ ಮೇಲೆ ಚೀರುತ್ತಿತ್ತು. ಅನ್ಯಾಯವೂ ಸರಿಹೋಗಲಿಲ್ಲ. ಆದರೆ ನಾಳೆ ಬೆಳಗ್ಗೆ ಹೋಗಿ ನೋಡಬೇಕಾದದ್ದು ಒಂದಿದೆ ಎನ್ನುವ ಹಂಬಲ ಹುಟ್ಟಿತು, ರಾತ್ರಿ ನಿದ್ದೆ ಬರತೊಡಗಿತು.

ನೀವು ನಡೆಯುವ ದೂರವನ್ನು ಅರ್ಧ ಮಾಡಿ, ಉಳಿದ ಹೊತ್ತು ಒಂದೇ ಜಾಗದಲ್ಲಿ ಕುಳಿತುಕೊಳ್ಳಿ. ದಿನಕ್ಕೊಂದು ಜಾಗ ಬೇಡ. ಅದೇ ಜಾಗ, ಅದೇ ಗಿಡ. ಇಲ್ಲವೇ ಮಳೆಗಾಲಕ್ಕೆ ಇನ್ನೊಂದು ಕೆಲಸ ಹೇಳುತ್ತೇನೆ. ಧಾರವಾಡ ನೀರು ಕವಲೊಡೆಯುವ ದಿಬ್ಬದ ಮೇಲಿದೆ. ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ ಗಂಗಾವಳಿಯಾಗಿ ಪಡುವಣ ಕಡಲಿಗೆ ಹೋಗುತ್ತದೆ. ಮೂಡಲಕ್ಕೆ ಇಳಿದ ನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ದಾರಿ ಹಿಡಿದು ಮೂಡಣ ಕಡಲಿಗೆ ಹೋಗುತ್ತದೆ. ಜೋರು ಮಳೆ ಬಿದ್ದ ದಿನ ಕೊಡೆ ಹಿಡಿದು, ನಿಮ್ಮ ಓಣಿಯ ನೀರು ಯಾವ ಕಡಲಿಗೆ ಹೊರಟಿದೆಯೆಂದು ಗಟಾರದ ಬೆನ್ನು ಹತ್ತಿ ಹೋಗಿ ನೋಡಿ. ಏನು ಕಂಡಿತೆಂದು ನನಗೆ ಬರೆಯಿರಿ. ಮನಸ್ಸಿನ ಭಾರ ಅದರಿಂದಲೂ ಇಳಿಯದೆ, ಊಟ ನಿದ್ದೆ ಎರಡೂ ಕೆಡುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅದರಲ್ಲಿ ನಾಚಿಕೆಯ ಮಾತೇ ಇಲ್ಲ.

ಪ್ರಶ್ನೆ: ನಮ್ಮ ಹೊಲ ಮಾಗಡಿ ಕೆರೆಯ ಹತ್ತಿರವಿದೆ. ಚಳಿಗಾಲದಲ್ಲಿ ಬರುವ ಬಾತುಗಳು ಕಡಲೆ, ಶೇಂಗಾ ಹೊಲಗಳಿಗೆ ಇಳಿಯುತ್ತವೆ. ಓಡಿಸಲು ಹೋದರೆ ಕ್ಯಾಮೆರಾ ಹಿಡಿದು ಬಂದವರು ನಮಗೇ ಬುದ್ಧಿ ಹೇಳುತ್ತಾರೆ. ನಿಸರ್ಗ ಪ್ರೀತಿ ಎಂದರೆ ಬೆಳೆ ಕಳೆದುಕೊಂಡು ಸುಮ್ಮನಿರುವುದೇ?
ರೈತ, ಶಿರಹಟ್ಟಿ ತಾಲ್ಲೂಕು

ಉತ್ತರ: ಅಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಹಕ್ಕಿ ನೋಡಲು ಬರುವವರಲ್ಲಿ ನಾನೂ ಒಬ್ಬನಾದ್ದರಿಂದ, ಆ ಬುದ್ಧಿವಾದದ ಪರವಾಗಿ ನಿಮ್ಮ ಕ್ಷಮೆ ಕೇಳುತ್ತೇನೆ.

ಸುಮಾರು 50 ಹೆಕ್ಟೇರಿನ ಆ ಕೆರೆಗೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗುನೆಲವೆಂಬ ರಾಮ್ಸರ್ ಮನ್ನಣೆ ದೊರೆತಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಹೆಮ್ಮೆ ಎಲ್ಲರದು, ನಷ್ಟ ಕೆರೆಯ ಮಗ್ಗುಲಿನ ನಾಲ್ಕಾರು ಹೊಲದವರದು ಎನ್ನುವುದು ಸರಿಯಲ್ಲ. ಈ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ ಠರಾವಾಗಿ ಬರೆಯಿಸಿ. ಹಾನಿಯಾದ ಹೊಲದ ಫೋಟೊ, ಸರ್ವೆ ನಂಬರು, ದಿನಾಂಕ ಇಟ್ಟುಕೊಂಡು ಅರಣ್ಯ ಇಲಾಖೆಗೂ ಕೃಷಿ ಇಲಾಖೆಗೂ ಬರಹದಲ್ಲಿ ಕೊಡಿ. ಬಾಯಿಮಾತಿನ ದೂರು ಮುಂದಿನ ಚಳಿಗಾಲದ ಹೊತ್ತಿಗೆ ಮರೆತುಹೋಗುತ್ತದೆ.

ಇಷ್ಟು ಹೇಳಿದ ಮೇಲೆ, ಆ ಕೆರೆಯ ಏರಿಯ ಮೇಲೆ ನಾನು ಕಳೆದ ಒಂದು ನಸುಕಿನ ವಿಷಯ ನಿಮಗೆ ಹೇಳಬೇಕೆನಿಸುತ್ತದೆ. ಮಂಜು ಇತ್ತು. ಬಾತುಗಳು ಕಾಣುತ್ತಿರಲಿಲ್ಲ, ಅವುಗಳ ದನಿ ಮಾತ್ರ ಸಂತೆಯ ಗದ್ದಲದಂತೆ ನೀರಿನ ಮೇಲಿಂದ ಬರುತ್ತಿತ್ತು. ಬೆಳಕು ಹರಿದಂತೆ ಮೊದಲು ಬೂದುಬಣ್ಣದ ಮೈಗಳು, ಆಮೇಲೆ ಬಿಳಿಯ ತಲೆಗಳು, ಕೊನೆಗೆ ತಲೆಯ ಹಿಂಬದಿಯ ಎರಡು ಕಪ್ಪು ಪಟ್ಟೆಗಳು ಕಂಡವು. ಪಟ್ಟೆತಲೆ ಹೆಬ್ಬಾತು ಎಂಬ ಹೆಸರು ಬಂದದ್ದು ಅದರಿಂದಲೇ. ನನ್ನ ಪಕ್ಕದಲ್ಲಿ ಡಬ್ಬಿ ಬಡಿಯಲೆಂದು ಕೋಲು ಹಿಡಿದು ಬಂದಿದ್ದ ಹಿರಿಯ ರೈತರೊಬ್ಬರು ಬೀಡಿ ಹಚ್ಚಿಕೊಂಡು, “ಬೀಗರು ಬಂದಂಗ ಬರತಾವ್ರಿ, ಆದ್ರ ನಾಕ ತಿಂಗಳು ಕುಂದರತಾವು” ಎಂದರು. ಎಲ್ಲಿಂದ ಬರುತ್ತವೆಂದು ಅವರು ಕೇಳಿದರು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಇದೇ ಜಾತಿಯ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆಯೆಂದು, ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ, ಮನುಷ್ಯನಿಗೆ ಉಸಿರು ಕಟ್ಟುವ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆಂದು ಹೇಳಿದೆ. ಆ ವರ್ಷ ಹುಟ್ಟಿದ ಮರಿಗಳು ತಂದೆತಾಯಿಯ ಜೊತೆಗೇ ಹಾರಿ ದಾರಿ ಕಲಿಯುತ್ತವೆಂದೂ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಬೀಡಿ ಮುಗಿದ ಮೇಲೆ, “ಅಂದ್ರ ನಮ್ಮ ಅಪ್ಪ ಓಡಿಸಿದ ಬಾತಿನ ಮಮ್ಮಕ್ಕಳನ್ನ ನಾನು ಓಡಸಾಕತ್ತೇನಿ” ಎಂದು ಹೇಳಿ, ಕೋಲು ತೆಗೆದುಕೊಂಡು ತಮ್ಮ ಕಡಲೆ ಹೊಲದತ್ತ ಹೋದರು. ಸ್ವಲ್ಪ ಹೊತ್ತಿಗೆ ಡಬ್ಬಿಯ ಸಪ್ಪಳ ಕೇಳಿಸಿತು.

ಅವರು ಡಬ್ಬಿ ಬಡಿದದ್ದು ನನಗೆ ತಪ್ಪೆನಿಸಲಿಲ್ಲ, ನೀವು ಬಡಿದರೂ ತಪ್ಪಲ್ಲ. ಕಲ್ಲು, ಉರುಲು, ಪಟಾಕಿ, ವಿಷದ ಕಾಳು ಇವು ಮಾತ್ರ ಬೇಡ. ನೋಡಲು ಬರುವವರಿಗೂ ಇಲ್ಲಿಯೇ ಕೇಳಿಕೊಳ್ಳುತ್ತೇನೆ: ಏರಿಯಿಂದ ಕೆಳಗಿಳಿದು ಹಿಂಡನ್ನು ಎಬ್ಬಿಸಬೇಡಿ, ಕೇಳದೆ ಯಾರ ಹೊಲದೊಳಗೂ ಕಾಲಿಡಬೇಡಿ. ಹೊಲದ ಯಜಮಾನರು ಎದುರಾದರೆ ಮೊದಲು ಬೆಳೆ ಹೇಗಿದೆಯೆಂದು ವಿಚಾರಿಸಿ, ಹಕ್ಕಿಯ ಮಾತು ಆಮೇಲೆ ಇರಲಿ.

ಪ್ರಶ್ನೆ: ನಮ್ಮ ಅವ್ವ ಹೊಲದ ಬದುವಿನ ಪ್ರತಿಯೊಂದು ಹುಲ್ಲಿಗೂ ಹೆಸರು ಹೇಳುತ್ತಿದ್ದಳು. ಈಗ ಹಾಸಿಗೆ ಹಿಡಿದಿದ್ದಾಳೆ. ಕೇಳಿದರೆ ನೆನಪಾಗುವುದಿಲ್ಲ ಎನ್ನುತ್ತಾಳೆ. ಆ ಹೆಸರುಗಳನ್ನು ಉಳಿಸಿಕೊಳ್ಳುವುದು ಹೇಗೆ?
ಓದುಗರು, ಬ್ಯಾಡಗಿ

ಉತ್ತರ: ಹೆಸರು ಕೇಳಬೇಡಿ, ಗಿಡವನ್ನೇ ತಂದು ಕೈಯಲ್ಲಿಡಿ. ಬೇರುಸಹಿತ, ಮಣ್ಣುಸಹಿತ. ನನ್ನ ಅತ್ತೆಯವರೂ ಕೊನೆಯ ವರ್ಷಗಳಲ್ಲಿ ಮಕ್ಕಳ ಹೆಸರುಗಳನ್ನು ಮರೆಯುತ್ತಿದ್ದರು. ಹಕ್ಕರಕಿಯ ಒಂದು ಎಲೆಯನ್ನು ಮೂಗಿನ ಹತ್ತಿರ ಹಿಡಿದಾಗ, “ರೊಟ್ಟಿ ತಾ, ಖಾರ ಎಣ್ಣಿ ತಾ” ಎಂದು ಎದ್ದು ಕುಳಿತರು. ಅದಾದ ಮೇಲೆ ಗೋಳಿ, ಉತ್ತರಾಣಿ, ತುಂಬಿ, ನೆಗ್ಗಿಲು, ಜೇಕು, ಕರಕಿ ಎಂದು ಒಂದರ ಹಿಂದೆ ಒಂದು ಬಂದವು, ಯಾವುದನ್ನು ಎತ್ತು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ ಎನ್ನುವುದರ ಸಮೇತ. ನಾನು ಪಂಚಾಂಗದ ಹಿಂಬದಿಯಲ್ಲಿ ಗೀಚಿಕೊಂಡೆ. ನೀವು ಒಳ್ಳೆಯ ನೋಟುಪುಸ್ತಕ ಇಟ್ಟುಕೊಂಡು, ಒಣಗಿದ ಗಿಡವನ್ನೂ ಅದೇ ಪುಟಕ್ಕೆ ಅಂಟಿಸಿರಿ. ಇದಕ್ಕೆ ಹೆಚ್ಚು ದಿನವಿಲ್ಲ. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಹೆಚ್ಚಿ, ಕಳೆನಾಶಕ ಹೊಡೆಯುವುದು ರೂಢಿಯಾದ ಮೇಲೆ ಮುಖ್ಯ ಬೆಳೆಯ ನಡುವೆ ಬಿತ್ತುವ ಅಕ್ಕಡಿ ಸಾಲುಗಳ ಜೊತೆಗೆ ಬದುವಿನ ಪಲ್ಯಗಳೂ ಹೋಗುತ್ತಿವೆ.

ಹೆಸರು ಉಳಿದ ಮಾತ್ರಕ್ಕೆ ಜೀವ ಉಳಿಯುತ್ತದೆಂದು ನಾನು ಹೇಳಲಾರೆ. ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಅಭಯಾರಣ್ಯ 1974ರಲ್ಲಿ ಆಯಿತು. ಅಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಇಂದಿಗೂ ಹಿಂಡುಗಟ್ಟಿ ನೆಗೆಯುತ್ತವೆ. ಆದರೆ ಒಂದು ಕಾಲಕ್ಕೆ ಆ ಹುಲ್ಲುಗಾವಲಿಗೆ ಹೆಸರು ತಂದುಕೊಟ್ಟಿದ್ದ ಎರೆಭೂತ ಅಲ್ಲಿ ಈಗ ಕಾಣಸಿಗುವುದಿಲ್ಲ. ಎರೆಯ ಬಯಲಿನಲ್ಲಿ ಒಂದು ಮೀಟರಿನಷ್ಟು ಎತ್ತರ ನಿಂತು, ಕಂಡೂ ಕಾಣದಂತೆ ನಡೆದುಹೋಗುವ ಆ ದೊಡ್ಡ ಹಕ್ಕಿಗೆ ಭೂತವೆಂದು ಹೆಸರಿಟ್ಟವರು ಅದನ್ನು ಎಷ್ಟು ಹತ್ತಿರದಿಂದ ಕಂಡಿದ್ದರೆಂದು ನೆನೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾಳೆಯೇ ಬದುವಿಗೆ ಹೋಗಿ, ಅವ್ವನಿಗೆ ಮೊದಲ ಗಿಡ ಕಿತ್ತು ತನ್ನಿ.

ಪ್ರಶ್ನೆ: ನನಗೆ 72 ವರ್ಷ. ನಲವತ್ತು ವರ್ಷ ತಪ್ಪದೆ ಶ್ರಾವಣದಲ್ಲಿ ಕಪ್ಪತಗುಡ್ಡ ಹತ್ತಿದ್ದೇನೆ. ಗುಡ್ಡ ಉಳಿಸುವ ಹೋರಾಟದಲ್ಲಿ ಗದಗಿನಲ್ಲಿ ಕುಳಿತಿದ್ದೇನೆ. ಈಗ ಮೊಣಕಾಲು ಏಳುವುದಿಲ್ಲ. ಬಸ್ಸಿನ ಕಿಟಕಿಯಿಂದ ಗುಡ್ಡ ಕಂಡರೆ ಕಣ್ಣು ತುಂಬುತ್ತದೆ. ಸಮಾಧಾನ ಹೇಳಿ.
ಓದುಗರು, ಗದಗ

ಉತ್ತರ: ಹಿರಿಯರೇ, ನೀವು ಕೂಡ ಕುಳಿತಿದ್ದ ಆ ಹೋರಾಟ ದೊಡ್ಡದಿತ್ತು. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದದ್ದನ್ನು ಮರುವರ್ಷವೇ ಹಿಂದಕ್ಕೆ ಪಡೆದಾಗ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಜನ ಹಿಂದೆ ನಿಂತರು; 2017ರಲ್ಲಿ ಆ ಸ್ಥಾನ ಮರಳಿ ಸಿಕ್ಕಿತು, 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ನೀವು ಹತ್ತಲಾಗದ ಗುಡ್ಡ ಹತ್ತುವವರಿಗಾಗಿ ಉಳಿದಿದೆ, ಅದರಲ್ಲಿ ನಿಮ್ಮ ಪಾಲೂ ಇದೆ. ಆದರೆ ಇದರಿಂದ ಸಮಾಧಾನ ಸಿಗದೆಂದು ನನಗೆ ಗೊತ್ತು. ಕಾಲು ಕೇಳುವುದು ಗುಡ್ಡವನ್ನೇ.

ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸೆಂದು ನಮ್ಮ ಕಡೆಯ ಮಾತಿದೆ. ಆ ಮಾತಿನಲ್ಲಿ ಹತ್ತುವುದು ಎಂದಿಲ್ಲ, ನೋಡುವುದು ಎಂದಿದೆ. ಬರುವ ಶ್ರಾವಣದಲ್ಲಿ ಮನೆಯವರೊಡನೆ ಡಂಬಳದ ತನಕ ಹೋಗಿ, ಕೆರೆಯ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಇಡೀ ಮಧ್ಯಾಹ್ನ ಕುಳಿತುಕೊಳ್ಳಿ. ಮೋಡದ ನೆರಳು ಗುಡ್ಡದ ಮೇಲೆ ಸರಿದಂತೆ ಯಾವ ಇಳಿಜಾರು ಕಪ್ಪಾಗುತ್ತದೆ, ಯಾವುದು ಹಸುರಾಗುತ್ತದೆ, ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎನ್ನುವುದು ಗುಡ್ಡದ ಮೇಲೆ ನಿಂತವನಿಗೆ ಕಾಣುವುದಿಲ್ಲ. ನಲವತ್ತು ವರ್ಷ ನೀವು ಕಾಲಿನ ಕೆಳಗಿನ ಕಲ್ಲು ನೋಡಿಕೊಂಡು ಹತ್ತಿದಿರಿ. ಈಗ ಒಮ್ಮೆ ಮೈಯೆಲ್ಲ ನೋಡಿ.

ಮನೆಯಲ್ಲಿ ಹತ್ತುವ ವಯಸ್ಸಿನವರಿದ್ದರೆ ಅವರನ್ನು ಕಪ್ಪತ ಮಲ್ಲಯ್ಯನ ದಾರಿಗೆ ಕಳಿಸಿ. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಕಾಲು ಜಾರುತ್ತದೆ, ಯಾವ ಗಿಡದ ನೆರಳಿನಲ್ಲಿ ನೀವು ಬುತ್ತಿ ಬಿಚ್ಚುತ್ತಿದ್ದಿರಿ, ಎಲ್ಲವನ್ನೂ ಹಿಂದಿನ ರಾತ್ರಿಯೇ ಹೇಳಿ. ಬೇಸಿಗೆಯಲ್ಲಿ ಹೋದರೆ ಬೆಂಕಿಕಡ್ಡಿ, ಬೀಡಿ ಒಯ್ಯಬಾರದೆಂದು ಗಟ್ಟಿಯಾಗಿಯೇ ಹೇಳಿ, ಒಣಹುಲ್ಲಿಗೆ ಬಿದ್ದ ಒಂದು ಕಿಡಿಗೆ ಇಡೀ ಇಳಿಜಾರು ಸಾಕಾಗುವುದಿಲ್ಲ. ಅವರು ಇಳಿದು ಬರುವ ತನಕ ಬುತ್ತಿಯ ಗಂಟು ಬಿಚ್ಚದೆ ಕಾಯಿರಿ, ಬಂದ ಮೇಲೆ ನೀವು ಹೇಳಿದ ಆ ಗಿಡ ಇನ್ನೂ ಇದೆಯೇ ಎಂದು ಕೇಳಿ.